ಲೀಗ್ ಜಾಹೀರಾತು: ಮೊದಲ ದಿನ ಜಾತ್ರೆ, ಮೂರನೇ ದಿನ ಖಾಲಿ ಕುರ್ಚಿ

ಪ್ರಶ್ನೆ: ಸರ್, ನೀವು ಜಾಹೀರಾತು ಕೆಲಸದವರು ಅಂತ ಕೇಳುತ್ತಿದ್ದೇನೆ. ನಮ್ಮ ತಾಲೂಕಲ್ಲಿ ಆಟಗಾರರ ಹರಾಜು ಎಲ್ಲ ಇಟ್ಟು ವಾಲಿಬಾಲ್ ಲೀಗ್ ಮಾಡಿದೆವು. ಊರೆಲ್ಲ ಫ್ಲೆಕ್ಸ್, ಆಟೋದಲ್ಲಿ ಮೈಕ್, ಉದ್ಘಾಟನೆಗೆ ಸೀರಿಯಲ್ ನಟ. ಮೊದಲ ದಿನ ಜಾತ್ರೆ. ಮೂರನೇ ದಿನ ನಾವೇ ಕುರ್ಚಿ ಎಣಿಸುತ್ತಾ ಕೂತಿದ್ದೆವು. ಪ್ರೊ ಕಬಡ್ಡಿಗೆ ಸಿಕ್ಕ ಜನ ನಮಗೆ ಯಾಕೆ ಸಿಗಲಿಲ್ಲ?

ಉತ್ತರ: ಮೊದಲ ದಿನ ಜನ ಬಂದರಲ್ವಾ? ಅಲ್ಲಿಗೆ ಜಾಹೀರಾತಿನ ಕೆಲಸ ಮುಗಿಯಿತು. ಎರಡನೇ ಸಲ ಕರೆತರಬೇಕಾದ್ದು ಆಟ.

ಅಮೆರಿಕದಲ್ಲಿ 2001ರಲ್ಲಿ ಎಕ್ಸ್‌ಎಫ್‌ಎಲ್ ಅಂತ ಅವರ ಫುಟ್‌ಬಾಲಿನ ಲೀಗ್ ಬಂತು. ಟಿವಿ ಕುಸ್ತಿಯ ವಿನ್ಸ್ ಮೆಕ್‌ಮಹನ್ ಮತ್ತು ಎನ್‌ಬಿಸಿ ಚಾನೆಲ್ ಸೇರಿ ಮಾಡಿದ್ದು. ಹೊಡೆತ ಜಾಸ್ತಿ, ನಿಯಮ ಕಮ್ಮಿ ಅನ್ನುವ ಧಾಟಿಯ ಭಾರೀ ಪ್ರಚಾರ. ಮೊದಲ ರಾತ್ರಿ ಜನ ಮುಗಿಬಿದ್ದು ನೋಡಿದರು. ಆಟ ಸಪ್ಪೆ. ಒಂದೇ ಸೀಸನ್‌ಗೆ ಬಾಗಿಲು ಹಾಕಿತು.

ಪ್ರೊ ಕಬಡ್ಡಿ 2014ರಲ್ಲಿ ಶುರುವಾಯಿತು. ಅದರ ಘೋಷಣೆ 'ಲೇ ಪಂಗಾ'. ತಾಕತ್ತಿದ್ದರೆ ಕೆಣಕು ಅಂತ. ಟಿವಿ ಹಾಕಿದರೆ ಅದೇ ಕಾಣುತ್ತಿತ್ತು. ಒಬ್ಬ ತೊಡೆ ತಟ್ಟಿ ಏಳು ಜನರ ಮಧ್ಯೆ ನುಗ್ಗುತ್ತಾನೆ, ಕೈಯಲ್ಲಿರುವುದು 30 ಸೆಕೆಂಡ್. ಸಾಲಾಗಿ ಎರಡು ರೈಡ್ ಖಾಲಿ ಹೋದರೆ ಮೂರನೆಯದರಲ್ಲಿ ಪಾಯಿಂಟ್ ತರಲೇಬೇಕು, ಇಲ್ಲದಿದ್ದರೆ ಔಟ್ ಅನ್ನುವ ನಿಯಮವೂ ಬಂತು. ಸುಮ್ನೆ ಹೋಗಿ ಗೆರೆ ಮುಟ್ಟಿ ಬರುವುದು ಕಮ್ಮಿಯಾಯಿತು. ನನ್ನ ಪ್ರಕಾರ ಆ ಒಂದು ನಿಯಮ ಹತ್ತು ಜಾಹೀರಾತಿಗೆ ಸಮ.

ಇನ್ನೊಬ್ಬರು: ಹಾಗಾದರೆ ಸ್ಟಾರ್‌ಗಳಿಗೆ ದುಡ್ಡು ಕೊಡುವುದು ದಂಡವಾ? ಆರ್‌ಸಿಬಿಯವರು ರಿಷಬ್ ಶೆಟ್ಟಿಯನ್ನು ಕರೆಸಿದ್ದರಲ್ಲ?

ಉತ್ತರ: ಒಳ್ಳೆ ಉದಾಹರಣೆ. 2024ರ ಮಾರ್ಚ್‌ನಲ್ಲಿ ಬಂದ ಜಾಹೀರಾತು ಅದು. ಮೂರು ಕೋಣ, ಅವುಗಳ ಮೇಲೆ ರಾಯಲ್, ಚಾಲೆಂಜರ್ಸ್, ಬ್ಯಾಂಗಲೋರ್. ರಿಷಬ್ ಮೂರನೆಯದು ಬೇಡ ಅಂದು, 'ಅರ್ಥ ಆಯ್ತಾ?' ಅಂದರು, ಅಷ್ಟೇ. ಊರಿನ ಹೆಸರು 2014ರಲ್ಲೇ ಬೆಂಗಳೂರು ಆಗಿತ್ತು. ತಂಡದ್ದು ಯಾವಾಗ ಅಂತ ಅಭಿಮಾನಿಗಳು ಕೇಳುತ್ತಲೇ ಇದ್ದರು. ಜನರ ಬಾಯಲ್ಲಿದ್ದ ಮಾತನ್ನೇ ಕಂಬಳದ ಕೋಣದ ಮೇಲೆ ಕೂರಿಸಿದರು. ರಿಷಬ್ ಬದಲು ಮುಂಬೈ ಸ್ಟಾರ್ ನಿಂತು ಅದೇ ಹೇಳಿದ್ದರೆ ನಗುತ್ತಿದ್ದೆವು. ಅದೇ ವರ್ಷ ನವೆಂಬರಲ್ಲಿ ಅದೇ ತಂಡ ಸೋಷಿಯಲ್ ಮೀಡಿಯಾದಲ್ಲಿ ಹಿಂದಿ ಖಾತೆ ತೆರೆದು ಇಲ್ಲಿ ಬೈಸಿಕೊಂಡಿತು. ಹೊಸ ಅಭಿಮಾನಿ ಬೇಕು ಅನ್ನುವ ಲೆಕ್ಕ ತಪ್ಪಲ್ಲ, ಆದರೆ ಮನೆಯವರಿಗೆ ಹೇಗೆ ಕೇಳಿಸುತ್ತದೆ ಅಂತ ಯೋಚಿಸಬೇಕಿತ್ತು.

ಇನ್ನೊಬ್ಬರು: 'ಈ ಸಲ ಕಪ್ ನಮ್ದೇ' ಮಾತ್ರ ಸೋತರೂ ಸಾಯಲಿಲ್ಲ!

ಉತ್ತರ: ಯಾಕೆಂದರೆ ಅದನ್ನು ಸಾಕಿದವರು ಅಭಿಮಾನಿಗಳು. ಸೋತಾಗ ಎದುರಾಳಿಗಳು ಆಡಿಕೊಂಡರು, ನಮ್ಮವರೂ ನಕ್ಕರು, ಮುಂದಿನ ವರ್ಷ ಮತ್ತೆ ಕೂಗಿದರು. ಕಂಪನಿ ಘೋಷಣೆಯಾಗಿದ್ದರೆ ಎರಡು ಸೋಲಿಗೇ ಮೂಲೆ ಸೇರುತ್ತಿತ್ತು. 2024ರಲ್ಲಿ ಆರ್‌ಸಿಬಿ ಮಹಿಳಾ ತಂಡ ಕಪ್ ಗೆದ್ದಾಗ ನಾಯಕಿ ಸ್ಮೃತಿ ಮಂಧಾನ 'ನಮ್ದೇ' ಹೋಗಿ 'ನಮ್ದು' ಆಯ್ತು ಅಂದರು. ಒಂದು ಅಕ್ಷರದ ಜಾಹೀರಾತು. ಯಾವ ಏಜೆನ್ಸಿಗೂ ಹೊಳೆಯದು.

ಅದಿರಲಿ, ಮೊದಲು ಕೇಳಿದವರೇ, ನಿಮ್ಮ ಫ್ಲೆಕ್ಸಲ್ಲಿ ಏನಿತ್ತು? ಯಾವ ದಿನ, ಎಷ್ಟು ಗಂಟೆಗೆ, ಯಾವ ಊರಿಗೂ ಯಾವ ಊರಿಗೂ ಪಂದ್ಯ ಅಂತ ಇತ್ತಾ?

ಪ್ರಶ್ನೆ ಕೇಳಿದವರು: ಇಲ್ಲ ಸರ್. ಪ್ರಾಯೋಜಕರ ಫೋಟೋ 14 ಇತ್ತು. ಜಾಗ ಸಾಲಲಿಲ್ಲ.