ಚಿಕ್ಕಮ್ಮನ ಫಾರ್ವರ್ಡ್ ಮತ್ತು ಗೃಹಪ್ರವೇಶದ ಹಳೇ ಮಾತು

ನಮ್ಮ ಮೂಲಮನೆಯ ವಾಟ್ಸಾಪ್ ಗುಂಪಿನಲ್ಲಿ ಕಾಲೇಜು ಓದುವ ಮಕ್ಕಳು ಏಳೆಂಟು ಜನ ಇದ್ದಾರೆ. ಹುಟ್ಟುಹಬ್ಬಕ್ಕೆ ಥ್ಯಾಂಕ್ಸ್ ಹೇಳುವುದು ಬಿಟ್ಟರೆ ಅವರು ಅಲ್ಲಿ ಮಾತಾಡುವುದಿಲ್ಲ. ಆದರೆ ಬಂದಿದ್ದನ್ನೆಲ್ಲ ಓದುತ್ತಾರೆ. ಭಾನುವಾರ ಅಷ್ಟೆಲ್ಲ ಜಗಳ ಆಡಿದ ದೊಡ್ಡವರಿಗೆ ಇದು ನೆನಪಿದ್ದಂತೆ ಕಾಣಲಿಲ್ಲ. ಮನೆಯವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ, ಹೆಸರು ಯಾರದ್ದೂ ಹಾಕಿಲ್ಲ.

ಮಧ್ಯಾಹ್ನದ ಊಟ ಮುಗಿದ ಹೊತ್ತಿಗೆ ಚಿಕ್ಕಮ್ಮ ಒಂದು ಮೆಸೇಜ್ ಕಳಿಸಿದರು. ಎಷ್ಟೋ ಕೈ ದಾಟಿ ಬಂದ ಉದ್ದನೆಯ ಫಾರ್ವರ್ಡ್ ಅದು.

"ಎಲ್ಲ ಪೋಷಕರೂ ತಪ್ಪದೇ ಓದಿ. ಈಗಿನ ಕಾಲೇಜು ಮಕ್ಕಳಿಗೆ ಟೆನ್ಶನ್ ಅನ್ನೋದು ಒಂದು ಫ್ಯಾಷನ್. ನಮ್ಮ ಕಾಲದಲ್ಲಿ ಕೌನ್ಸೆಲಿಂಗ್ ಇರಲಿಲ್ಲ, ನಾಗರಬೆತ್ತ ಇತ್ತು. ಹೆಸರಾಂತ ಮನೋವೈದ್ಯರೇ ಹೇಳಿದ್ದಾರೆ, 21 ದಿನ ಮೊಬೈಲ್ ಕೊಡಬೇಡಿ, ಎಲ್ಲ ಸರಿಹೋಗುತ್ತೆ…"

ಅದರ ಕೆಳಗೆ ಚಿಕ್ಕಮ್ಮನದೇ ಒಂದು ಸಾಲು: "ನಮ್ಮನೆ ಮಹಾರಾಣಿಗೂ ಇದೇ ಆಗಬೇಕು."

ಮಹಾರಾಣಿ ಅಂದರೆ ಅವರ ಮಗಳು. ಬೆಂಗಳೂರಿನಲ್ಲಿ ಹಾಸ್ಟೆಲ್‌ನಲ್ಲಿದ್ದು ಇಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದಾಳೆ. ಅವಳೂ ಗುಂಪಿನಲ್ಲಿದ್ದಾಳೆ.

ದೊಡ್ಡಪ್ಪ: ನೂರಕ್ಕೆ ನೂರು ಸತ್ಯ. ಕಷ್ಟ ಕಂಡವರಿಗೆ ಒತ್ತಡ ಗಿತ್ತಡ ಇರುವುದಿಲ್ಲ. ನಾವು ಮಳೆಗಾಲದಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಹೊಳೆ ದಾಟಿ ಶಾಲೆಗೆ ಹೋದವರು. ಸಂಸ್ಕಾರ ಮನೆಯಿಂದ ಬರಬೇಕು.

ಭಾವ: ಯಾವ ಮನೋವೈದ್ಯರು? ಯಾವ ಆಸ್ಪತ್ರೆ? ಎಲ್ಲಿ, ಯಾವಾಗ ಹೇಳಿದರು?

ಚಿಕ್ಕಮ್ಮ: ಬಂದಿದ್ದು ಕಳಿಸಿದೆ ಅಳಿಯಂದ್ರೇ. ಒಳ್ಳೇದನ್ನಿಸಿದ್ರೆ ತಗೊಳ್ಳಿ, ಇಲ್ದಿದ್ರೆ ಬಿಡಿ.

ದೊಡ್ಡಪ್ಪ: ಎಲ್ಲದಕ್ಕೂ ಪುರಾವೆ ಕೇಳುವವರು ಹೋದ ವರ್ಷ ನನ್ನ ಅಮೃತಬಳ್ಳಿ ಕಷಾಯಕ್ಕೂ ಕೇಳಿದ್ದರು.

ಭಾವ: ಹೌದು ಮಾವ, ಕೇಳಿದ್ದೆ. ಇನ್ನೂ ಉತ್ತರ ಬಂದಿಲ್ಲ.

ಅಕ್ಕ: ರೀ, ಸಾಕು.

ಅಲ್ಲಿಂದ ಮುಂದೆ ಒಂದಷ್ಟು ಹೊತ್ತು ಕಷಾಯದ್ದೇ ಮಾತು. ಅದನ್ನು ಬಿಟ್ಟುಬಿಡುತ್ತೇನೆ. ಭಾವ ಸುಮ್ಮನೆ ಕೂರುವವರಲ್ಲ. ಸಂಜೆ ಲೆಕ್ಕ ಹಿಡಿದುಕೊಂಡು ಬಂದರು.

ಭಾವ: ಎನ್‌ಸಿಆರ್‌ಬಿ ಅಂದರೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿ ನೋಡಿ. 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡಿದ್ದಾರೆ. ಇದನ್ನು ಫ್ಯಾಷನ್ ಅಂತೀರಾ?

ಚಿಕ್ಕಮ್ಮ: ದೀಪ ಹಚ್ಚೋ ಹೊತ್ತಲ್ಲಿ ಇಂಥದ್ದೆಲ್ಲ ಹಾಕಬೇಡಿ ಅಳಿಯಂದ್ರೇ, ಕೈ ಮುಗೀತೀನಿ.

ಆ ಸಂಖ್ಯೆಗೆ ಬಂದ ಉತ್ತರ ಇಷ್ಟೇ. ಅದರ ಬಗ್ಗೆ ಇನ್ಯಾರೂ ಒಂದು ಮಾತೂ ಬರೆಯಲಿಲ್ಲ. ನನಗೆ ಅದು ತುಂಬಾ ಬೇಜಾರಾಯಿತು. ಅದೇ ವರದಿಯಲ್ಲಿ ಎಲ್ಲ ವಯಸ್ಸಿನವರನ್ನೂ ಸೇರಿಸಿ ನೋಡಿದರೆ ಮೊದಲ ಕಾರಣ ಕುಟುಂಬದ ಸಮಸ್ಯೆ, ಶೇ. 31.7. ಒಬ್ಬರ ಜೀವ ಹೋಗುವುದಕ್ಕೆ ಒಂದೇ ಕಾರಣ ಇರುವುದಿಲ್ಲ, ಪೊಲೀಸರು ಬರೆದುಕೊಂಡಿದ್ದು ಪೂರ್ತಿ ಕಥೆಯೂ ಅಲ್ಲ. ಆದರೂ ಮನೆಯ ಮಾತು ಎಷ್ಟು ದೂರ ಹೋಗುತ್ತದೆ ಅನ್ನುವುದು ಇದರಿಂದ ಗೊತ್ತಾಗುತ್ತದೆ, ಅಲ್ವಾ?

ಆಮೇಲೆ ಅತ್ತೆ ಬಂದರು. ಅತ್ತೆ ಗುಂಪಿನಲ್ಲಿ ಬರೆಯುವುದೇ ಕಮ್ಮಿ.

ಅತ್ತೆ: ಅಣ್ಣ, ನನ್ನ ಮಗ ಮೆಕ್ಯಾನಿಕಲ್ ಅರ್ಧಕ್ಕೆ ಬಿಟ್ಟಾಗ ಗೃಹಪ್ರವೇಶದಲ್ಲಿ ಎಲ್ಲರ ಮುಂದೆ ಅವನನ್ನು ಪುಕ್ಕಲ ಅಂದವರು ಯಾರು?

ದೊಡ್ಡಪ್ಪ: ನಾನು ಹಾಗೆ ಅಂದಿಲ್ಲ. ಗಂಡುಮಗ ಗಟ್ಟಿಯಾಗಬೇಕು ಅಂದೆ. ಅದು ಹಿರಿಯನ ಹಿತವಚನ.

ಚಿಕ್ಕಮ್ಮ: ಪುಕ್ಕಲ ಅಂದಿದ್ದು ನಾನೂ ಕೇಳಿಸಿಕೊಂಡೆ ಭಾವ. ಪಂಕ್ತಿಯಲ್ಲಿ ಹೋಳಿಗೆ ಬಡಿಸ್ತಿದ್ದೆ.

ದೊಡ್ಡಪ್ಪ: ಹೋಳಿಗೆ ಬಡಿಸಿದ್ದು ನೀನಲ್ಲ, ಅಡಿಗೆಯವರು.

ಹೋಳಿಗೆ ಬಡಿಸಿದ್ದು ಯಾರು ಅಂತ ಐದಾರು ಮೆಸೇಜ್ ಬಂದವು. ಆ ಮೆಸೇಜುಗಳ ನಡುವೆ ಒಂದು ಸಾಲು ಬಂದು ಮಾಯವಾಯಿತು: "ಈ ಮೆಸೇಜ್ ಅಳಿಸಲಾಗಿದೆ." ಬರೆದಿದ್ದು ಚಿಕ್ಕಮ್ಮನ ಮಗಳು. ಏನು ಬರೆದಿದ್ದೆ ಅಂತ ಅವಳನ್ನು ಯಾರೂ ಕೇಳಲಿಲ್ಲ.

ಅಷ್ಟರಲ್ಲಿ ಶಿವಮೊಗ್ಗದ ಅಣ್ಣ, ಅಂದರೆ ದೊಡ್ಡಪ್ಪನ ಮಗ, ಹಳೇ ನೆನಪು ತೆಗೆದ.

ಅಣ್ಣ: ಹಾಸ್ಟೆಲ್ ಅಂದ್ರೆ 1992ರ ಮೈಸೂರು ಮಾರಾಯ್ರೇ! ಭಾನುವಾರ ಪಾಯಸ. ಮನೆಯಿಂದ ಇನ್‌ಲ್ಯಾಂಡ್ ಲೆಟರ್ ಬಂದ್ರೆ ಹಬ್ಬ. ರಾತ್ರಿ ರೇಟ್ ಕಮ್ಮಿ ಅಂತ ಎಸ್‌ಟಿಡಿ ಬೂತ್ ಮುಂದೆ ಕ್ಯೂ. ನಮ್ಮ ರೂಮಲ್ಲಿ ಮೂರು ಜನ. ಒಬ್ಬ ಎರಡನೇ ವರ್ಷ ಊಟ ಬಿಟ್ಟ, ಮಾತು ಬಿಟ್ಟ, ರಾತ್ರಿಯೆಲ್ಲ ಕಿಟಕಿ ಹತ್ರ ಕೂತಿರ್ತಿದ್ದ. ಅವರಪ್ಪ ಬಂದು ಊರಿಗೆ ಕರ್ಕೊಂಡು ಹೋಗಿ ತಾಯಿತ ಕಟ್ಟಿಸಿದ್ರು. ವಾಪಸ್ ಬರಲೇ ಇಲ್ಲ. ಎಂಥಾ ದಿನಗಳು!

ಇದಕ್ಕೆ ಬಂದ ಮೊದಲ ಉತ್ತರ: "ಪಾಯಸ ಶ್ಯಾವಿಗೆದಾ, ಗೋಧಿದಾ?"

ನಾನು ಅಲ್ಲಿವರೆಗೂ ಸುಮ್ಮನಿದ್ದೆ. ಒಂದು ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುವವಳು ನಾನು. ಊಟ ಬಿಟ್ಟವರನ್ನು, ಮಾತು ಬಿಟ್ಟವರನ್ನು ಹಿಂದಿನ ಬೆಂಚಿನಲ್ಲಿ ನೋಡಿದ್ದೇನೆ. "ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ" ಅಂತ ಮಧ್ಯಾಹ್ನದಿಂದ ಎಲ್ಲರೂ ಬರೆಯುತ್ತಿದ್ದರಲ್ಲ, ಅಣ್ಣನ ರೂಮಿನ ಆ ಹುಡುಗನೇ ಅದಕ್ಕೆ ಉತ್ತರ. ಆ ಕಾಲದಲ್ಲೂ ಇತ್ತು. ಅವನಿಗೆ ಸಿಕ್ಕಿದ್ದು ಒಂದು ತಾಯಿತ, ಅಷ್ಟೇ.

ನಾನು: ಅಣ್ಣ, ಆ ಹುಡುಗ ಆಮೇಲೆ ಏನಾದ?

ಅಣ್ಣ: ಗೊತ್ತಿಲ್ಲ ಕಣೇ. ಕೇಳಬೇಕು ಅಂತ ಆಗ ಹೊಳೆಯಲೇ ಇಲ್ಲ.

ನಾನು: ಚಿಕ್ಕಮ್ಮ, ನೀವು ಕಳಿಸಿದ್ದನ್ನು ಪೂರ್ತಿ ಓದಿದ್ರಾ? "ಇನ್ನಷ್ಟು ಓದಿ" ಅಂತ ಇದೆಯಲ್ಲ, ಅದನ್ನು ಒತ್ತಿ. ಕೊನೇ ಸಾಲು ಹೀಗಿದೆ: "ಎರಡು ವಾರಕ್ಕಿಂತ ಜಾಸ್ತಿ ನಿದ್ದೆ, ಊಟ ಸರಿಯಿಲ್ಲದಿದ್ದರೆ ಬೈಯಬೇಡಿ, ವೈದ್ಯರಿಗೆ ತೋರಿಸಿ."

ಚಿಕ್ಕಮ್ಮ: ಅಯ್ಯೋ, ಅಷ್ಟುದ್ದ ಯಾರು ಓದ್ತಾರೆ. ಮೊಬೈಲ್ ವಿಷಯ ಕಾಣಿಸ್ತು, ಕಳಿಸಿದೆ.

ಭಾವ: ನಾನೂ ಮೂಲ ಕೇಳಿದ್ದೇ ಆಯ್ತು, ಕೆಳಗಿನವರೆಗೆ ಓದಲಿಲ್ಲ.

ಬೆತ್ತ ಹಿಡಿದುಕೊಂಡು ಶುರುವಾಗಿ ವೈದ್ಯರ ಹತ್ತಿರ ಮುಗಿಯುವ ಮೆಸೇಜ್ ಅದು. ಯಾರೋ ಎರಡು ಬರಹ ಸೇರಿಸಿ ಹೊಲಿದಂತಿತ್ತು. 21 ದಿನಕ್ಕೆ ಯಾವ ಆಧಾರವೂ ಅದರಲ್ಲಿಲ್ಲ. ಕೊನೇ ಸಾಲು ಮಾತ್ರ ಸರಿಯಾದ ಮಾತು. ಪರೀಕ್ಷೆ ಹತ್ತಿರ ಬಂದಾಗ ಹೊಟ್ಟೆಯಲ್ಲಿ ಸಂಕಟ, ನಾಲ್ಕು ದಿನ ನಿದ್ದೆಗೆಡುವುದು ಎಲ್ಲರಿಗೂ ಆಗುತ್ತದೆ, ಪರೀಕ್ಷೆ ಮುಗಿದರೆ ಇಳಿಯುತ್ತದೆ. ಇಳಿಯದೇ ವಾರಗಟ್ಟಲೆ ನಿಂತರೆ, ಇಷ್ಟವಾಗಿದ್ದೂ ಬೇಡವಾದರೆ, ಅದು ಬೇರೆ. ಆಗ ಬೆತ್ತವೂ ಕೆಲಸ ಮಾಡುವುದಿಲ್ಲ, "ಧೈರ್ಯ ತಗೋ" ಅನ್ನುವ ಮಾತೂ ಕೆಲಸ ಮಾಡುವುದಿಲ್ಲ.

ಆಮೇಲೆ ತಂಗಿಯನ್ನು ಗುಂಪಿನಲ್ಲೇ ಕೇಳಿದೆ. "ಏನೋ ಬರೆದು ಅಳಿಸಿದೆಯಲ್ಲ ಪುಟ್ಟಾ, ಬರಿ ನೋಡೋಣ. ನಿಮ್ಮ ವಿಷಯವನ್ನೇ ಇಷ್ಟು ಹೊತ್ತು ಮಾತಾಡಿದ್ದು."

ತುಂಬಾ ಹೊತ್ತಾದ ಮೇಲೆ ಬರೆದಳು.

"ದೊಡ್ಡಪ್ಪ, ನೀವು ಹೊಳೆ ದಾಟಿದ್ದು ನಿಜ. ನಾನು ಇಲ್ಲ ಅನ್ನಲ್ಲ. ನನ್ನ ವಾರ ಹೇಗಿರುತ್ತೆ ಅಂತ ಹೇಳ್ತೀನಿ. ಹಾಜರಿ ಶೇ. 85 ಇಲ್ಲದಿದ್ರೆ ಪರೀಕ್ಷೆಗೆ ಕೂರಿಸಲ್ಲ. ಜ್ವರ ಬಂದ್ರೂ ಕ್ಲಾಸಿಗೆ ಹೋಗ್ತೀನಿ. ಇಂಟರ್ನಲ್ಸ್, ಲ್ಯಾಬ್ ರೆಕಾರ್ಡ್, ಪ್ರಾಜೆಕ್ಟ್ ಎಲ್ಲ ಒಂದೇ ವಾರ ಬರುತ್ತೆ. ಒಂದು ಸಬ್ಜೆಕ್ಟ್ ಬ್ಯಾಕ್ ಉಳಿದ್ರೆ ಎಷ್ಟೋ ಕಂಪನಿ ಪ್ಲೇಸ್‌ಮೆಂಟಿಗೆ ಒಳಗೇ ಬಿಡಲ್ಲ. ಅಪ್ಪ ತೆಗೆದ ಲೋನ್ ಎಷ್ಟು ಅಂತ ನನಗೆ ಬಾಯಿಪಾಠ ಬರುತ್ತೆ. ನೋಟ್ಸ್ ಬರೋದೂ ಮೊಬೈಲಲ್ಲೇ, ಅಮ್ಮ. ನೀವೆಲ್ಲ ಫೋನ್ ಮಾಡಿದಾಗ ಎರಡೇ ಪ್ರಶ್ನೆ ಕೇಳ್ತೀರಿ, ಊಟ ಆಯ್ತಾ, ಎಷ್ಟು ಬಂತು. ಎಷ್ಟು ಬಂತು ಅನ್ನೋದಕ್ಕೆ ಉತ್ತರ ಚೆನ್ನಾಗಿಲ್ಲದ ದಿನ ನಾನು ಫೋನೇ ಎತ್ತಲ್ಲ."

ದೊಡ್ಡಪ್ಪ ಓದಿದರು, ಆದರೆ ಬರೆಯಲಿಲ್ಲ. ಚಿಕ್ಕಪ್ಪ ಬರೆದರು. ಅವರು ಗುಂಪಿನಲ್ಲಿದ್ದಾರೆ ಅನ್ನುವುದೇ ನಮಗೆ ಮರೆತುಹೋಗಿತ್ತು.

ಚಿಕ್ಕಪ್ಪ: ಲೋನ್ ನನ್ನ ತಲೆನೋವು. ನೀನು ಯೋಚಿಸಬೇಡ. ಫೋನ್ ಎತ್ತು ಸಾಕು.

ಆಗ ನಾನು ಗೊತ್ತಿದ್ದನ್ನೆಲ್ಲ ಒಂದೇ ಸಲ ಬರೆದು ಹಾಕಿದೆ. ಕಾಲೇಜಿಗೆ ಮಕ್ಕಳನ್ನು ಕಳಿಸಿದ ಎಲ್ಲರಿಗೂ ಬೇಕಾದದ್ದು ಅಂತ ಇಲ್ಲೂ ಹಾಕುತ್ತಿದ್ದೇನೆ.

"14416 ಅಂತ ಒಂದು ನಂಬರ್ ಇದೆ, ಟೆಲಿ ಮಾನಸ್. ಸರ್ಕಾರದ್ದು. 2022ರ ಅಕ್ಟೋಬರ್ 10ರಂದು ಶುರುವಾಯಿತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮೊದಲು ತರಬೇತಿ ಪಡೆದ ಕೌನ್ಸೆಲರ್ ಮಾತಾಡುತ್ತಾರೆ, ಬೇಕಾದರೆ ಮೇಲಿನ ಹಂತದ ತಜ್ಞರಿಗೆ ಕಳಿಸುತ್ತಾರೆ. ಮಕ್ಕಳೇ ಮಾಡಬೇಕು ಅಂತಿಲ್ಲ, ಮಗು ಸಪ್ಪಗಿದೆ ಏನು ಮಾಡಲಿ ಅಂತ ಅಪ್ಪ ಅಮ್ಮನೂ ಕೇಳಬಹುದು. ಇನ್ನೊಂದು, 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ಹೇಳಿದೆ: ನೂರು ಅಥವಾ ಅದಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿರುವ ಕಡೆ ಅರ್ಹ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರು ಒಬ್ಬರಾದರೂ ಇರಬೇಕು. ಸಹಾಯವಾಣಿ ನಂಬರ್ ಹಾಸ್ಟೆಲ್, ಕ್ಲಾಸುಗಳಲ್ಲಿ ಕಾಣುವಂತೆ ಹಾಕಬೇಕು. ಪೋಷಕರ ಸಭೆಗೆ ಹೋದಾಗ ಮಾರ್ಕ್ಸ್ ಕಾರ್ಡ್ ಜೊತೆ ಇದನ್ನೂ ಕೇಳಿ. 'ಸಾಯಬೇಕು ಅನ್ನಿಸ್ತಿದೆಯಾ' ಅಂತ ನೇರವಾಗಿ ಕೇಳಿದರೆ ಮಕ್ಕಳ ತಲೆಗೆ ಆ ಯೋಚನೆ ಹಾಕಿದಂತೆ ಆಗುವುದಿಲ್ಲ. ಕೇಳಿ, ಕೇಳಿಸಿಕೊಳ್ಳಿ. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ, ಅವತ್ತೇ ಕರೆದುಕೊಂಡು ಹೋಗಿ."

ಚಿಕ್ಕಮ್ಮ ಗುಂಪಿನಲ್ಲಿ ಕೇಳಲಿಲ್ಲ, ನನಗೆ ಬೇರೆ ಬರೆದರು. "ಅಲ್ಲೆಲ್ಲ ಹೋದ್ರೆ ಕಾಲೇಜಿಗೆ ಗೊತ್ತಾಗುತ್ತಾ? ನಾಳೆ ಮದುವೆ ಹೊತ್ತಿಗೆ ಯಾರಾದರೂ ಕೆದಕಿದ್ರೆ?"

ಇಷ್ಟೊತ್ತಿನ ಜಗಳದಲ್ಲಿ ಬಾಯಿಗೆ ಬಾರದ ಭಯ ಇದೇ ಅಂತ ನನಗೆ ಅನ್ನಿಸಿತು. ಮೊಬೈಲನ್ನು ಬೈಯುವುದು ಸುಲಭ, ಇದನ್ನು ಕೇಳುವುದು ಕಷ್ಟ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಚಿಕಿತ್ಸೆಯ ವಿಷಯ ಗುಟ್ಟಾಗಿಡುವುದು ರೋಗಿಯ ಹಕ್ಕು. ಜೀವಕ್ಕೆ ಅಪಾಯ ಇದ್ದಂಥ ಕೆಲವೇ ಸಂದರ್ಭ ಬಿಟ್ಟರೆ ಆಸ್ಪತ್ರೆಯವರು ಹೊರಗೆ ಹೇಳುವ ಹಾಗಿಲ್ಲ. ಅದನ್ನು ಅವರಿಗೆ ಬರೆದೆ. ಹೆಸರು ಹಾಕದೆ ಈ ಪ್ರಶ್ನೆ, ಉತ್ತರ ಎರಡನ್ನೂ ಗುಂಪಿಗೂ ಹಾಕಲಾ ಅಂತ ಕೇಳಿದೆ. "ಹಾಕು" ಅಂದರು.

ಅದನ್ನು ನೋಡಿ ಅತ್ತೆ ಬರೆದರು.

ಅತ್ತೆ: ನನ್ನ ಮಗನನ್ನು ಕೇಳಿಯೇ ಬರೀತಿದ್ದೀನಿ. ಮೆಕ್ಯಾನಿಕಲ್ ಬಿಟ್ಟ ವರ್ಷ ಅವನು ಆರು ತಿಂಗಳು ಕೌನ್ಸೆಲಿಂಗ್‌ಗೆ ಹೋಗಿದ್ದ. ಮಾತ್ರೆನೂ ತಗೊಂಡ. ಈಗ ಚೆನ್ನಾಗಿದ್ದಾನೆ, ಇಷ್ಟವಾದ ಕೆಲಸ ಮಾಡ್ತಿದ್ದಾನೆ. ಯಾರಿಗಾದರೂ ಕೇಳಬೇಕು ಅನ್ನಿಸಿದ್ರೆ ನನಗೆ ಫೋನ್ ಮಾಡಿ. ಎಷ್ಟು ಹೊತ್ತಾದರೂ ಪರವಾಗಿಲ್ಲ.

ದೊಡ್ಡಪ್ಪ: ಇಷ್ಟೆಲ್ಲ ಆಗಿದೆ. ನನಗೆ ಒಂದು ಮಾತು ಯಾಕೆ ಹೇಳಲಿಲ್ಲ ನೀನು?

ಅತ್ತೆ: ಗೃಹಪ್ರವೇಶದ ದಿನ ಹೇಳೋಣ ಅಂತಾನೇ ಬಂದಿದ್ದೆ ಅಣ್ಣ.

ಆಮೇಲೆ ದೊಡ್ಡಪ್ಪ ಗುಂಪಿನಲ್ಲಿ ಏನೂ ಬರೆಯಲಿಲ್ಲ. ಅತ್ತೆಗೆ ಫೋನ್ ಮಾಡಿದರಂತೆ.