ಇಸವಿ ಮರೆಯುತ್ತದೆ, ಚಾ ಒಡೆಯುತ್ತದೆ: ಏನು ಮಾಡಲಿ?

ಕೇಳಿದ್ದು, ಉಡುಪಿಯಿಂದ:
ಮನೆಯಲ್ಲೇ ಕೂತು ಎಂಎ ಇತಿಹಾಸಕ್ಕೆ ಓದುತ್ತಿರುವವಳು ನಾನು. ಹಗಲು ಕೆಲಸ, ರಾತ್ರಿ ಒಂಬತ್ತರ ಮೇಲೆ ಪುಸ್ತಕ. ಇಸವಿಗಳೆಲ್ಲ ಕಲಸಿಹೋಗುತ್ತವೆ. ನಿದ್ದೆ ಬರಬಾರದು ಅಂತ ಶುಂಠಿ ಚಾ ಮಾಡಿದರೆ ಮೂರರಲ್ಲಿ ಎರಡು ಸಲ ಹಾಲು ಒಡೆಯುತ್ತದೆ. ಅಮ್ಮ ಹಾಲಿನ ಲೆಕ್ಕ ಕೇಳುತ್ತಾರೆ. ಅನುಭವ ಇದ್ದವರು ಹೇಳಿ.

ಮಂಗಳೂರಿನಿಂದ:
ಮೊದಲು ಚಾ ಸರಿಮಾಡುವ, ತಂಗಿ. ತಪ್ಪು ಹಾಲಿನದ್ದಲ್ಲ, ಶುಂಠಿ ಹಾಕುವ ಹೊತ್ತಿನದ್ದು. ಹಸಿ ಶುಂಠಿಯಲ್ಲಿ ಹಾಲು ಒಡೆಸುವ ಕಿಣ್ವ ಒಂದಿದೆ. ನೀರಲ್ಲಿ ಚೆನ್ನಾಗಿ ಕುದಿದರೆ ಅದರ ಆಟ ಮುಗಿಯಿತು. ಒಂದು ಲೋಟ ನೀರಿಗೆ ಅರ್ಧ ಇಂಚು ಶುಂಠಿ ಸಾಕು. ಸಿಪ್ಪೆ ಕೆರೆದು, ನಮ್ಮ ಅಜ್ಜಿಯ ಎಲೆಅಡಿಕೆ ಕುಟ್ಟಾಣಿಯಲ್ಲಿ ನಾನು ಎರಡೇ ಗುದ್ದು ಗುದ್ದುವುದು. ಐದು ನಿಮಿಷ ಕುದಿಯಲಿ. ಖಾರದ ಹಬೆ ಮೂಗಿಗೆ ಹತ್ತಿದ ಮೇಲೆ ಚಾಪುಡಿ, ಕೊನೆಗೆ ಬಿಸಿ ಹಾಲು. ಬೆಲ್ಲ ಹಾಕುವುದಾದರೆ ಒಲೆ ಆರಿಸಿದ ಮೇಲೇ ಹಾಕು, ಇಲ್ಲದಿದ್ದರೆ ಮತ್ತೆ ಒಡೆದೀತು.

ಇನ್ನು ಓದು. ಮದುವೆಯಾಗಿ ಎಂಟು ವರ್ಷಕ್ಕೆ ಎಂಎ ಕಟ್ಟಿದವಳು ನಾನು. ನೋಟ್ಸ್ ಬಾಯಿಪಾಠ ಮಾಡಿ ಮೊದಲ ವರ್ಷ ಒಂದು ಪೇಪರ್ ಹೋಯಿತು. ಆಮೇಲೆ ಇಸವಿಗಳನ್ನು ಊರಿಗೆ ಕಟ್ಟಿಹಾಕಿದೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430, ಕಾರ್ಕಳದ ಬಾಹುಬಲಿ 1432. ಊರೂ ಹತ್ತಿರ, ಇಸವಿಯೂ ಹತ್ತಿರ. ಟಿಪ್ಪುವಿಗೂ ಈಸ್ಟ್ ಇಂಡಿಯಾ ಕಂಪನಿಗೂ ಮಂಗಳೂರು ಒಪ್ಪಂದ ಆದದ್ದು 1784. ಅದಕ್ಕೆ ಐವತ್ತು ಕೂಡಿಸು, ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಮಿಷನರಿ ಸಂಸ್ಥೆಯವರು ಇಲ್ಲಿಗೆ ಬಂದ 1834 ಸಿಗುತ್ತದೆ. ಅಲ್ಲಿಂದ ಅವರ ಹಿಂದೆಯೇ ಹೋಗು: 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ, 1865ರಲ್ಲಿ ಹಂಚಿನ ಕಾರ್ಖಾನೆ, 1894ರಲ್ಲಿ ಕಿಟೆಲರ ನಿಘಂಟು. ನಮ್ಮ ಮನೆಯ ಹಂಚಿನ ಮಾಡು ನೋಡಿದಾಗೆಲ್ಲ ನನಗೆ 1865 ನೆನಪಾಗುತ್ತದೆ, ಮಾರಾಯ್ತಿ!

ಕುಂದಾಪುರದಿಂದ:
ಅಕ್ಕ ಹೇಳಿದ್ದು ಸರಿ, ಆದರೆ ಬರೀ ಇಸವಿಗೆ ಮಾರ್ಕ್ಸ್ ಸಿಗುವುದಿಲ್ಲ. 'ಯಾಕೆ' ಅಂತ ಕೇಳಿಕೊಳ್ಳಿ. ಪೋರ್ಚುಗೀಸರು ಉಳ್ಳಾಲದ ರಾಣಿ ಅಬ್ಬಕ್ಕನ ಜೊತೆ ಯಾಕೆ ಜಗಳಕ್ಕೆ ನಿಂತರು? ಗೋವಾದಲ್ಲಿ ಕೂತವರಿಗೆ ನಮ್ಮ ಕರಾವಳಿಯ ಅಕ್ಕಿ, ಕಾಳುಮೆಣಸು ಬೇಕಿತ್ತು, ಬಂದರುಗಳಿಂದ ಕಪ್ಪವೂ ಬೇಕಿತ್ತು. ಇದು ಹೊಳೆದ ಮೇಲೆ ನನಗೆ ಆ ಪಾಠ ಮತ್ತೆ ಓದಬೇಕಾಗಲೇ ಇಲ್ಲ. ಪುಸ್ತಕ ಮುಚ್ಚಿ ಅರ್ಧ ಪುಟ ಸ್ವಂತ ಮಾತಲ್ಲಿ ಬರೆಯಿರಿ. ಭಾನುವಾರ ಬಾರ್ಕೂರಿಗೆ ಒಮ್ಮೆ ಹೋಗಿ ಬನ್ನಿ. ಹಿಂದೆ ತುಳುನಾಡು ಆಳಿದ ಆಳುಪರ ರಾಜಧಾನಿ ನಿಮ್ಮ ಮನೆ ಬಾಗಿಲಲ್ಲೇ ಇದೆ, ಅಲ್ವಾ?

ಮತ್ತೆ, ರಾತ್ರಿ ಹತ್ತರ ಮೇಲೆ ಚಾ ಬೇಡ. ನಾನು ಹನ್ನೊಂದಕ್ಕೆ ಕುಡಿದು ಎರಡು ಗಂಟೆವರೆಗೆ ಸುಮ್ನೆ ಫ್ಯಾನ್ ನೋಡುತ್ತಾ ಮಲಗಿದ್ದೆ. ಬೆಳಿಗ್ಗೆ ಬಸ್ಸೂ ತಪ್ಪಿತು. ಕೊತ್ತಂಬರಿ, ಜೀರಿಗೆ, ಶುಂಠಿ ಹಾಕಿದ ಕಷಾಯ ಆದರೆ ತೊಂದರೆ ಇಲ್ಲ.

ಸುರತ್ಕಲ್‌ನಿಂದ:
ಶುಂಠಿ ಜಜ್ಜುವಾಗ ಮೊರಾಕೊದ ಪ್ರವಾಸಿ ಇಬ್ನ್ ಬತೂತನನ್ನು ನೆನಪಿಸಿಕೊಳ್ಳಿ. 14ನೇ ಶತಮಾನದಲ್ಲಿ ಮಂಗಳೂರಿಗೆ ಬಂದವನು ಇಲ್ಲಿ ಕಾಳುಮೆಣಸು, ಶುಂಠಿ ಬಹಳ ಜಾಸ್ತಿ ಅಂತ ಬರೆದಿದ್ದಾನೆ. ಪರ್ಷಿಯಾ, ಯೆಮನ್ ಕಡೆಯ ವ್ಯಾಪಾರಿಗಳು ಬಂದಿಳಿಯುತ್ತಿದ್ದದ್ದೂ ಇಲ್ಲೇ ಅಂತೆ. ಕರಾವಳಿಯ ವ್ಯಾಪಾರದ ಪ್ರಶ್ನೆ ಬಂದರೆ ಇಲ್ಲಿಂದಲೇ ಶುರುಮಾಡಿ.

ಕೇಳಿದವಳು, ಮರುದಿನ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಚಾ ಒಡೆಯಲಿಲ್ಲ. ಅಮ್ಮನೂ ಅರ್ಧ ಲೋಟ ಕುಡಿದರು. 1430, 1432 ಗಟ್ಟಿಯಾಗಿದೆ. 1865 ಮಾತ್ರ ಕಷ್ಟ ಅಕ್ಕ, ನಮ್ಮದು ಟೆರೇಸ್ ಮನೆ.