1952ರ ಓಟಿಗೆ ಮುದ್ರೆ ಒತ್ತುತ್ತಿರಲಿಲ್ವಾ? ನಮ್ಮಜ್ಜಿ ಹೇಳೋದು ನಿಜಾನಾ?

ಭರಮಸಾಗರದ ಮೊಮ್ಮಗಳು (ಪ್ರಶ್ನೆ)

ನಮ್ಮಜ್ಜಿಗೆ ಈಗ 96 ವರ್ಷ. ದಾವಣಗೆರೆಯಲ್ಲಿ ನಮ್ಮ ಜೊತೆಗೇ ಇದ್ದಾರೆ. ಕಿವಿ ಸ್ವಲ್ಪ ಮಂದ, ನೆನಪು ಮಾತ್ರ ಚುರುಕು. ಮದುವೆಯಾಗಿ ಬಂದಿದ್ದು ಭರಮಸಾಗರದ ಹತ್ತಿರದ ಒಂದು ಹಳ್ಳಿಗೆ. ದೇಶದ ಮೊದಲ ಚುನಾವಣೆಯಲ್ಲಿ ಓಟು ಹಾಕಿದ್ದೂ ಆ ಊರಿನಿಂದಲೇ.

ಅವತ್ತಿನ ದಿನವನ್ನು ಅಜ್ಜಿ ಪೂರ್ತಿ ಹೇಳುತ್ತಾರೆ. ಚಳಿ ಇತ್ತಂತೆ. ಬೆಳಕು ಹರಿಯೋ ಮುಂಚೆ ಎದ್ದು ರೊಟ್ಟಿ ಬಡಿದಿಟ್ಟು, ಮದುವೆಯ ಇಳಕಲ್ ಸೀರೆ ಉಟ್ಟರಂತೆ. ಕೈಕೂಸಾಗಿದ್ದ ನಮ್ಮ ದೊಡ್ಡಪ್ಪನನ್ನು ಓರಗಿತ್ತಿಯ ಮಡಿಲಿಗೆ ಹಾಕಿ ಗಾಡಿ ಹತ್ತಿದರು. ಓರಗಿತ್ತಿಗೆ ಇನ್ನೂ 21 ತುಂಬಿರಲಿಲ್ಲ, ಹಾಗಾಗಿ ಪಟ್ಟಿಯಲ್ಲಿ ಹೆಸರಿರಲಿಲ್ಲ. ಅದಕ್ಕೆ ಆಕೆ ಎರಡು ದಿನ ಮಾತು ಬಿಟ್ಟಿದ್ದಳಂತೆ! ಪಕ್ಕದೂರಿನ ಸಾಲೆಯಲ್ಲಿ ಗಂಡಸರ ಸಾಲು ಬೇರೆ, ಹೆಂಗಸರ ಸಾಲು ಬೇರೆ.

ಗೊಂದಲ ಇರುವುದು ಇದರ ಮುಂದೆ. ಅಜ್ಜಿ ಹೇಳುವ ಹಾಗೆ ಅವರು ಯಾವ ಮುದ್ರೆಯನ್ನೂ ಒತ್ತಲಿಲ್ಲ, ಯಾವ ಹೆಸರಿನ ಮುಂದೆಯೂ ಗುರುತು ಹಾಕಲಿಲ್ಲ. "ನೋಟಿನಂಥ ಚೀಟಿ ಕೊಟ್ರು. ಒಳಗೆ ಸಾಲಾಗಿ ಪೆಟ್ಟಿಗೆ ಇಟ್ಟಿದ್ರು. ಎತ್ತಿನ ಚಿತ್ರ ಇದ್ದ ಪೆಟ್ಟಿಗೆಗೆ ಕೈ ಮುಗಿದು ಹಾಕಿದೆ" ಅನ್ನುತ್ತಾರೆ. ನನ್ನ ಮಗ ಕೆಎಎಸ್‌ಗೆ ಓದುತ್ತಿದ್ದಾನೆ. ಒಂದೇ ಪೆಟ್ಟಿಗೆ ಇರೋದು, ಚೀಟಿಯಲ್ಲೇ ಎಲ್ಲರ ಹೆಸರು ಇರೋದು ಅಂತಾನೆ. ಪ್ರತಿ ಚುನಾವಣೆಗೂ ಅಜ್ಜಿ ಈ ಕಥೆ ತೆಗೆಯುತ್ತಾರೆ. ಮನೆಯಲ್ಲಿ ಎಲ್ಲರೂ, "ಅಜ್ಜಿ, ನೀನು ಉಚ್ಚಂಗಿದುರ್ಗದ ಹುಂಡಿಗೆ ನೋಟು ಹಾಕಿದ್ದನ್ನ ಹೇಳ್ತಿದ್ದೀಯ" ಅಂತ ನಗುತ್ತಾರೆ. ನಾನೂ ಎಷ್ಟೋ ಸಲ ನಕ್ಕಿದ್ದೇನೆ. ಕಳೆದ ಸಲ ಅಜ್ಜಿ ಕಥೆಯನ್ನು ಅರ್ಧಕ್ಕೇ ನಿಲ್ಲಿಸಿ ಒಳಗೆ ಹೋಗಿಬಿಟ್ಟರು. ಅವತ್ತಿನಿಂದ ನನ್ನ ಮನಸ್ಸು ಸರಿಯಿಲ್ಲ.

ನಿಮ್ಮ ಮನೆಯ ಹಿರಿಯರು ಯಾರಾದರೂ ಆ ಚುನಾವಣೆ ಬಗ್ಗೆ ಹೇಳಿದ್ದಾರಾ? ದಯವಿಟ್ಟು ತಿಳಿಸಿ.

ದುರ್ಗದ ಮೇಷ್ಟ್ರು

ತಾಯಿ, ನಿಮ್ಮಜ್ಜಿ ಹೇಳಿದ್ದು ಅಕ್ಷರಶಃ ನಿಜ. ಮೊದಲು ಹೋಗಿ ಅವರಿಗೆ ಇದನ್ನು ಹೇಳಿ, ಆಮೇಲೆ ಮುಂದಿನದು ಓದಿ.

ನಾನು ನಿವೃತ್ತ ಶಿಕ್ಷಕ, ಚಿತ್ರದುರ್ಗದಲ್ಲಿದ್ದೇನೆ. ನಮ್ಮ ತಂದೆಯೂ ಮೇಷ್ಟ್ರು. 1952ರಲ್ಲಿ ಅವರಿಗೆ ಬೂತಿನ ಕೆಲಸ ಬಿದ್ದಿತ್ತು. ನಾನಾಗ ಐದು ವರ್ಷದ ಹುಡುಗ. ನಾನು ಕೆಲಸಕ್ಕೆ ಸೇರಿ ಮೊದಲ ಸಲ ಚುನಾವಣೆ ಡ್ಯೂಟಿಗೆ ಹೋಗುವ ಹಿಂದಿನ ರಾತ್ರಿ ತಂದೆಯವರು ಕೂರಿಸಿಕೊಂಡು ಎಲ್ಲ ಹೇಳಿದರು.

ಆಗ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಅವರ ಗುರುತಿನ ಚಿತ್ರ ಅಂಟಿಸಿರುತ್ತಿತ್ತು. ಕಾಂಗ್ರೆಸ್ಸಿಗೆ ನೊಗ ಹೊತ್ತ ಜೋಡೆತ್ತು, ಸೋಷಲಿಸ್ಟರಿಗೆ ಮರ, ಕಿಸಾನ್ ಮಜ್ದೂರ್ ಪ್ರಜಾ ಪಕ್ಷಕ್ಕೆ ಗುಡಿಸಲು. ಚೀಟಿಯಲ್ಲಿ ಯಾರ ಹೆಸರೂ ಇರಲಿಲ್ಲ, ಚಿತ್ರವೂ ಇರಲಿಲ್ಲ. ಬರೀ ನಂಬರ್. ಯಾವ ಪೆಟ್ಟಿಗೆಗೆ ಹಾಕುತ್ತೀರೋ ಅವರಿಗೆ ಓಟು. ದೇಶದಲ್ಲಿ 17 ಕೋಟಿಗೂ ಜಾಸ್ತಿ ಮತದಾರರಿದ್ದರು, ಹೆಚ್ಚಿನವರಿಗೆ ಓದು ಬರಹ ಇರಲಿಲ್ಲ. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ್ ಸೇನ್ ಅವರ ಕಾಲದ ಏರ್ಪಾಟು ಇದು. ಹೆಸರು ಓದಲು ಬರದವರೂ ಎತ್ತು, ಮರ, ಗುಡಿಸಲು ಗುರುತು ಹಿಡಿಯುತ್ತಾರೆ ಅಲ್ವಾ?

"ನೋಟಿನಂಥ ಚೀಟಿ" ಅಂದರಲ್ಲ, ಆ ಮಾತು ಓದಿ ನನಗೆ ಮೈ ಜುಮ್ಮೆಂದಿತು. ಆ ಚೀಟಿ ಹೆಚ್ಚುಕಮ್ಮಿ ಒಂದು ರೂಪಾಯಿ ನೋಟಿನಷ್ಟೇ ಇತ್ತು. ಅಚ್ಚಾಗಿದ್ದು ನಾಸಿಕ್‌ನ ಸರ್ಕಾರಿ ಮುದ್ರಣಾಲಯದಲ್ಲಿ. ನೋಟು ಅಚ್ಚಾಗುವ ಊರೇ ಅದು! 70 ವರ್ಷ ಆದಮೇಲೂ ನಿಮ್ಮಜ್ಜಿಯ ಬೆರಳಿಗೆ ಆ ಅಳತೆ ನೆನಪಿದೆ.

ಈ ಪದ್ಧತಿಯಲ್ಲಿ ಒಂದು ದೋಷ ಇತ್ತು. ಒಳಗೆ ಹೋದವರು ಚೀಟಿ ಹಾಕದೆ ಸೆರಗಿನಲ್ಲೋ ಜೇಬಿನಲ್ಲೋ ಇಟ್ಟುಕೊಂಡು ಹೊರಗೆ ಬಂದರೆ ಗೊತ್ತಾಗುತ್ತಿರಲಿಲ್ಲ. ಅದನ್ನು ದುಡ್ಡು ಕೊಟ್ಟು ಕೊಳ್ಳುವವರೂ ಹುಟ್ಟಿಕೊಂಡರು. ಹಾಗಾಗಿ 1962ರ ಹೊತ್ತಿಗೆ ಎಲ್ಲರ ಹೆಸರು, ಗುರುತು ಇರುವ ಒಂದೇ ಚೀಟಿ, ಒಂದೇ ಪೆಟ್ಟಿಗೆ, ರಬ್ಬರ್ ಮುದ್ರೆ ಬಂದವು. ನಿಮ್ಮ ಮಗ ಹೇಳೋದು ಆ ಪದ್ಧತಿ. ಅವನದೂ ಸುಳ್ಳಲ್ಲ, ಆದರೆ ಅಜ್ಜಿಯ ಮೊದಲ ಓಟು ಅದಕ್ಕಿಂತ ಹಿಂದಿನದು.

ಕೈ ಮುಗಿದ ವಿಚಾರ. ಪೆಟ್ಟಿಗೆಗೆ ಕುಂಕುಮ ಹಚ್ಚಿದವರು, ಹೂವು ಇಟ್ಟವರು ದೇಶದ ತುಂಬಾ ಇದ್ದರು. ತಂದೆಯವರ ಬೂತಿನಲ್ಲೂ ಒಬ್ಬ ಮುದುಕಿ ಚೀಟಿ ಹಾಕಿ, ಪೆಟ್ಟಿಗೆಯನ್ನು ಮೂರು ಸಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳಂತೆ. ಇದನ್ನು ಹೇಳುವಾಗ ತಂದೆಯವರ ಗಂಟಲು ಕಟ್ಟುತ್ತಿತ್ತು. ಅದಕ್ಕೂ ಮೊದಲು ಮೈಸೂರು ಸಂಸ್ಥಾನದಲ್ಲಿ ಪ್ರಜಾಪ್ರತಿನಿಧಿ ಸಭೆ ಇತ್ತು, 1881ರಿಂದಲೇ ಇತ್ತು. ಆದರೆ ಕಂದಾಯ ಕಟ್ಟುವವರಿಗೆ, ಓದಿದವರಿಗೆ ಮಾತ್ರ ಅದರಲ್ಲಿ ಮಾತು. ಕೂಲಿ ಮಾಡುವ ಮುದುಕಿಯನ್ನು ಯಾರು ಕೇಳುತ್ತಿದ್ದರು?

ಆ ಸಲ ಚಿತ್ರದುರ್ಗದಿಂದ ಲೋಕಸಭೆಗೆ ಗೆದ್ದವರು ಎಸ್. ನಿಜಲಿಂಗಪ್ಪನವರು. ಅಜ್ಜಿಯ ಜೋಡೆತ್ತು ಗೆದ್ದಿತು ಅಂತ ಹೇಳಿ.

ಜಗಳೂರು ಕಡೆಯವ

ಮೇಷ್ಟ್ರು ಹೇಳಿದ್ದು ಸರಿ. ನಮ್ಮ ತಾತ ಗುಡಿಸಲು ಗುರುತಿನವರು. 1957ರಲ್ಲೂ ಪೆಟ್ಟಿಗೆ ಪದ್ಧತಿಯೇ ಇತ್ತು. ಆ ಸಲ ನಮ್ಮ ಜೆ. ಮಹಮದ್ ಇಮಾಂ ಅವರು ಪ್ರಜಾ ಸೋಷಲಿಸ್ಟ್ ಪಕ್ಷದಿಂದ (ಗುಡಿಸಲಿನವರು, ಸೋಷಲಿಸ್ಟರು ಸೇರಿ ಆದ ಪಕ್ಷ) ನಿಂತು ಚಿತ್ರದುರ್ಗದ ಲೋಕಸಭಾ ಸೀಟು ಗೆದ್ದರು. ತಾತ ಆ ಖುಷಿಗೆ ಊರಿಗೆಲ್ಲ ಮಂಡಕ್ಕಿ ಹಂಚಿದರಂತೆ. ದಾವಣಗೆರೆ ಸಂತೆಯಿಂದ ಎರಡು ಮೂಟೆ ಹೊತ್ತು ತಂದಿದ್ದರು. ಮೊದಲ ಸಲ ಜೋಡೆತ್ತಿಗೆ ಹೋದ ಸೀಟು ಐದೇ ವರ್ಷಕ್ಕೆ ಸಿಕ್ಕರೆ ಸುಮ್ನೆ ಇರಕ್ಕಾಗುತ್ತಾ?

ಹಳೇಪೇಟೆ ಸೊಸೆ

ಅಕ್ಕಾ, ನಿಮ್ಮಜ್ಜಿಯ ಹೆಸರು ಪಟ್ಟಿಯಲ್ಲಿ ಹೇಗಿತ್ತು ಅಂತ ಕೇಳಿದ್ದೀರಾ? ಆಗ ಉತ್ತರದ ಕಡೆ ಎಷ್ಟೋ ಹೆಂಗಸರು ಇಂಥವರ ಹೆಂಡತಿ, ಇಂಥವರ ಮಗಳು ಅಂತಲೇ ಬರೆಸಿದ್ದರು. ತಮ್ಮ ಹೆಸರು ಹೇಳಲಿಲ್ಲ. ಅಂಥ ಸುಮಾರು 28 ಲಕ್ಷ ಹೆಸರುಗಳನ್ನು ಪಟ್ಟಿಯಿಂದ ಬಿಟ್ಟರು. ಓದಿದಾಗ ನನಗೆ ತುಂಬಾ ಸಂಕಟ ಆಯಿತು. ಅಷ್ಟೂ ಜನರ ಮೊದಲ ಓಟು ಹೋಯಿತಲ್ಲ. ನಮ್ಮತ್ತೆಯ ತಾಯಿಯೂ 1952ರಲ್ಲಿ ಓಟು ಹಾಕಿದವರು, ಆದರೆ ಅವರನ್ನು ನಾವು ಒಂದು ಮಾತೂ ಕೇಳಲಿಲ್ಲ, ಈಗ ಅವರಿಲ್ಲ. ನೀವು ಎಲ್ಲಾ ಕೇಳಿ ಬರೆದಿಟ್ಟುಕೊಳ್ಳಿ.

ಭರಮಸಾಗರದ ಮೊಮ್ಮಗಳು

ಎಲ್ಲರಿಗೂ ಕೈ ಮುಗಿಯುತ್ತೇನೆ. ನಿನ್ನೆ ರಾತ್ರಿ ಊಟ ಆದಮೇಲೆ ಮೇಷ್ಟ್ರ ಉತ್ತರವನ್ನು ಅಜ್ಜಿಯ ಕಿವಿಯ ಹತ್ತಿರ ಜೋರಾಗಿ ಓದಿದೆ. ಮಗನನ್ನೂ ಕೂರಿಸಿದ್ದೆ. ನೋಟಿನ ಅಳತೆ ಬಂದಾಗ ಅಜ್ಜಿ ಎಡಗೈ ಚಾಚಿ, ಬಲಗೈ ಬೆರಳಿಂದ ಅಂಗೈ ಮೇಲೆ ಇಷ್ಟುದ್ದ ಅಂತ ಗೆರೆ ಎಳೆದು ತೋರಿಸಿದರು. ಮಗ ಎದ್ದು ಹೋಗಿ ಅಜ್ಜಿಯ ಕಾಲು ಮುಟ್ಟಿದ.

ಹಳೇಪೇಟೆ ತಂಗಿ ಕೇಳಿದ್ದನ್ನೂ ಕೇಳಿದೆ. ಪಟ್ಟಿ ಬರೆಯಲು ಶಾನುಭೋಗರು ಬಂದಾಗ ನಮ್ಮ ಮುತ್ತಜ್ಜಿ, "ಬರ್ಕಳಿ, ಅವಳಿಗೂ ಹೆಸರಿದೆ" ಅಂತ ತಾವೇ ಸೊಸೆಯ ಹೆಸರು ಹೇಳಿದ್ದರಂತೆ. ಹಾಗಾಗಿ ಅಜ್ಜಿಯ ಹೆಸರು, ಕೋಂ, ಆಮೇಲೆ ತಾತನ ಹೆಸರು. ಬೂತಿನಲ್ಲಿ ಗಂಡನ ಹೆಸರು ಕೇಳಿದಾಗ ಮಾತ್ರ ಅಜ್ಜಿಗೆ ಬಾಯಿ ಬರಲಿಲ್ಲ. ಆಗಿನ ಕಾಲಕ್ಕೆ ಗಂಡನ ಹೆಸರು ಹೇಳುವ ಹಾಗಿಲ್ಲವಲ್ಲ. ಹಿಂದೆ ನಿಂತಿದ್ದ ಹೆಂಗಸು ಹೇಳಿದಳಂತೆ. ಆಮೇಲೆ ಆಕೆಯ ಗಂಡನ ಹೆಸರನ್ನು ಅಜ್ಜಿ ಹೇಳಿದರಂತೆ.

ಇನ್ನೊಂದು ಹೊಸ ವಿಷಯ ಸಿಕ್ಕಿತು. ಇಷ್ಟು ವರ್ಷ ಅಜ್ಜಿ ಒಂದೇ ಚೀಟಿಯ ಕಥೆ ಹೇಳುತ್ತಿದ್ದರು. ನಿನ್ನೆ, "ಎರಡು ಕೊಟ್ಟಿದ್ರು" ಅಂದರು. ಒಂದು ದಿಲ್ಲಿಗೆ, ಒಂದು ಬೆಂಗಳೂರಿಗೆ. ದಿಲ್ಲಿಯದು ಎತ್ತಿನ ಪೆಟ್ಟಿಗೆಗೆ. ಎರಡೂ ಎತ್ತಿಗೇ ಹಾಕು ಅಂತ ತಾತ ಗಾಡಿಯಲ್ಲಿ ದಾರಿಯುದ್ದಕ್ಕೂ ಹೇಳಿದ್ದರಂತೆ. ಬೆಂಗಳೂರಿನದನ್ನು ಯಾವ ಪೆಟ್ಟಿಗೆಗೆ ಹಾಕಿದೆ ಅಜ್ಜಿ ಅಂತ ಕೇಳಿದೆ.

"ಒಳಗೆ ನೀನೊಬ್ಬಳೇ ಇರ್ತೀಯ, ಯಾರೂ ನೋಡಲ್ಲ, ಯಾರಿಗೂ ಹೇಳಬೇಕಿಲ್ಲ ಅಂತ ಬೂತಿನಲ್ಲಿದ್ದ ಮೇಷ್ಟ್ರು ಹೇಳಿದ್ರು. ನಿಮ್ಮ ತಾತನಿಗೇ ಹೇಳಿಲ್ಲ" ಅಂದು ಹೊದಿಕೆ ಎಳೆದುಕೊಂಡು ಮಲಗಿದರು.